ಆಯಿಯ ಊದುಗೊಳವೆ

ಏಳನೆಯ ವರ್ಷದಿಂದ ಹದಿಮೂರು ತುಂಬುವ ತನಕ ನಾನು ಎಲ್ಲಿಗೆ ಹೋದರೂ ನನ್ನ ಹಿಂದೆ ಒಂದು ಊದುಗೊಳವೆ ಬರುತ್ತಿತ್ತು. ಕಟ್ಟಿಗೆ ಒಲೆಯ ಮುಂದೆ ಕುಳಿತು ಬೆಂಕಿ ಊದುತ್ತಾರಲ್ಲ, ಮೊಳದುದ್ದದ ಕಬ್ಬಿಣದ ಕೊಳವೆ, ಅದೇ. ಅದಕ್ಕೆ ಕಾಲಿಲ್ಲವಾದ್ದರಿಂದ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಆಯಿ ಬರುತ್ತಿದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ನಮ್ಮ ಬಾಗಲಕೋಟೆ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುತ್ತಾರೆ. ಸಂಜಯನಗರದ ನಮ್ಮ ಬೀದಿಯ ಹುಡುಗರಿಗೆ ನನ್ನ ಹೆಸರು ಗಿರಿಜಾ ಎನ್ನುವುದೇ ಮರೆತುಹೋಗಿತ್ತು. ‘ಕೊಳವೆ ಬಂದ್ಳು ಕಣ್ರೋ’ ಎನ್ನುತ್ತಿದ್ದರು. ನಾನು ಕೈಗೆ ಸಿಕ್ಕಿದ ಕಲ್ಲು ಎತ್ತಿಕೊಳ್ಳುತ್ತಿದ್ದೆ. ಆಯಿಯಾದರೋ ಅದನ್ನೊಂದು ಬಿರುದೆಂದುಕೊಂಡು, ಅದೇ ಚೀಲದಿಂದ ಹುರಿದ ಶೇಂಗಾ ತೆಗೆದು ಅವರ ಕೈಗೆ ಹಾಕುತ್ತಿದ್ದಳು.

ಇದಕ್ಕೆಲ್ಲ ಕಾರಣ ನನ್ನ ಹೃದಯ. ದಿನವಿಡೀ ಮರ್ಯಾದೆಯಿಂದ ಬಡಿದುಕೊಂಡಿರುತ್ತಿದ್ದ ಅದು ಇದ್ದಕ್ಕಿದ್ದಂತೆ, ಯಾರೋ ಗುಂಡಿ ಒತ್ತಿದ ಹಾಗೆ, ಮೂರು ಪಟ್ಟು ವೇಗದಲ್ಲಿ ಹೊಡೆದುಕೊಳ್ಳಲು ಶುರುಮಾಡುವುದು. ಓಡಿದರೇ ಬರಬೇಕೆಂದಿಲ್ಲ. ತಲೆ ಬಾಚಿಸಿಕೊಳ್ಳುವಾಗ, ಮಗ್ಗಿ ಹೇಳುವಾಗ, ಒಂದು ಸಲ ಸುಮ್ಮನೆ ಬಾಳೆಹಣ್ಣು ಸುಲಿಯುವಾಗಲೂ ಬಂದಿತ್ತು. ನೋವೇನೂ ಇರುತ್ತಿರಲಿಲ್ಲ, ಕೈಕಾಲು ತಣ್ಣಗಾಗಿ, ತಲೆ ಹಗುರಾಗಿ, ಕತ್ತಿನ ಹತ್ತಿರ ಫ್ರಾಕಿನ ಅಂಚು ಅದುರುವುದು ಎದುರಿಗಿದ್ದವರಿಗೂ ಕಾಣುತ್ತಿತ್ತು. ಕಾಲು ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಹೇಗೆ ಶುರುವಾಯಿತೋ ಹಾಗೆಯೇ ತಟ್ಟನೆ ನಿಲ್ಲುತ್ತಿತ್ತು. ನಾನು ನಾಲ್ಕು ವರ್ಷದವಳಿದ್ದಾಗ, ಆಯಿಯ ಊರಿಗೆ ಹೋಗಿದ್ದಾಗ, ಇದನ್ನು ಅವ್ವನಿಗೆ ಮೊದಲ ಸಲ ವರದಿ ಮಾಡಿದ್ದು ಹೀಗಂತೆ:

“ಅವ್ವಾ, ನನ್ನ ಎದ್ಯಾಗ ಆಯಿ ರೊಟ್ಟಿ ಬಡಿಯಾಕತ್ತಾಳ.”

ಅಂದಿನಿಂದ ನಮ್ಮ ಮನೆಯಲ್ಲಿ ಈ ಕಾಯಿಲೆಗೆ ರೊಟ್ಟಿ ಎಂದೇ ಹೆಸರು. ಡಾಕ್ಟರು ಕೊಟ್ಟ ಉದ್ದನೆಯ ಇಂಗ್ಲಿಷ್ ಹೆಸರು ಅಪ್ಪನ ಕಡತದಲ್ಲಿತ್ತು, ಅದನ್ನು ಯಾರೂ ಬಳಸಲಿಲ್ಲ. ‘ಮಧ್ಯಾಹ್ನ ಗಿರಿಜಾಗ ರೊಟ್ಟಿ ಆಗಿತ್ತು’ ಎಂದು ಅವ್ವ ಹೇಳಿದರೆ ಸಂಜೆ ಕೆಲಸದಿಂದ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ನನ್ನ ಮಣಿಕಟ್ಟು ಹಿಡಿಯುತ್ತಿದ್ದ. ಈಗಲೂ, ಅರವತ್ತು ಸಮೀಪಿಸುತ್ತಿರುವಾಗಲೂ, ವರ್ಷಕ್ಕೊಂದೆರಡು ಸಲ ನನ್ನೆದೆಯಲ್ಲಿ ಆಯಿ ರೊಟ್ಟಿ ಬಡಿಯಲು ಕೂರುತ್ತಾಳೆ. ಮಾತ್ರೆ ಇದೆ, ಒಳ್ಳೆಯ ಡಾಕ್ಟರಿದ್ದಾರೆ. ಹೆದರಿಕೆಗಿಂತ ನನಗೆ ಮೊದಲು ನೆನಪಾಗುವುದು ಆ ಹಿತ್ತಿಲು.

ಜಯಮ್ಮನವರ ಮನೆಯ ಹಿಂಭಾಗದ ಮೂರು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಮೂರೂ ಕೋಣೆಗಳು ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು; ಮೊದಲನೆಯದರಲ್ಲಿ ನಿಂತು ಸೀನಿದರೆ ಕೊನೆಯದರಲ್ಲಿದ್ದವರು ‘ನೂರು ವರ್ಷ’ ಎನ್ನುತ್ತಿದ್ದರು. ಕೊನೆಯದು ಅಡುಗೆಮನೆ, ಅಲ್ಲಿ ಅವ್ವನ ಸೀಮೆಎಣ್ಣೆ ಸ್ಟೋವ್. ಅದರಾಚೆ ಹಿತ್ತಿಲು, ಅಲ್ಲಿ ತಗಡಿನ ಮಾಡಿನ ಕೆಳಗೆ ಆಯಿಯ ಕಟ್ಟಿಗೆ ಒಲೆ. ಹೊಸ್ತಿಲಿನ ಈಚೆ ಅವ್ವನ ರಾಜ್ಯ, ಆಚೆ ಆಯಿಯ ರಾಜ್ಯ. ಸ್ಟೋವಿನ ಮೇಲೆ ಬೇಯಿಸಿದ್ದಕ್ಕೆಲ್ಲ ಸೀಮೆಎಣ್ಣೆ ವಾಸನೆ ಬರುತ್ತದೆಂದು ಆಯಿಯ ದೂರು; ಒಲೆಯ ಹೊಗೆಗೆ ಒಣಗಹಾಕಿದ ಬಟ್ಟೆಯೆಲ್ಲ ಕಂದಿದೆಯೆಂದು ಅವ್ವನ ದೂರು. ಆದರೆ ಬೆಳಿಗ್ಗೆ ಎಂಟಕ್ಕೆ ಆಯಿ ಜೋಳದ ಹಿಟ್ಟು ನಾದಿ ಪಟಪಟ ರೊಟ್ಟಿ ಬಡಿಯತೊಡಗಿದರೆ ಜಗಳವೆಲ್ಲ ಬಂದ್. ಅವ್ವ ಬದನೆಕಾಯಿ ಎಣ್ಣೆಗಾಯಿಯ ಬೋಗುಣಿ ಹಿಡಿದು ತಾನೇ ಗಡಿ ದಾಟಿ ಬಂದು ಒಲೆಯ ಪಕ್ಕ ಕೂರುತ್ತಿದ್ದಳು. ಆ ಸದ್ದು ಕೇಳಿ ಜಯಮ್ಮನವರೂ ತಟ್ಟೆ ಸಮೇತ ಬರುತ್ತಿದ್ದರು.

“ಅಜ್ಜಿ, ನಂಗೂ ಒಂದ್ ಕಲಿಸ್ಕೊಡಿ ಅಂದ್ರೆ ಕಲಿಸಲ್ವಲ್ಲಾ ನೀವು.”

“ನೀ ಕಲತರ ಇಲ್ಲಿಗೆ ಬರೂದು ಬಿಡತಿ. ಸುಮ್ನ ತಿನ್ನವಾ.”

ಆಯಿ ನಗುವುದು ಆ ಒಲೆಯ ಮುಂದೆ ಮಾತ್ರ. ನಮ್ಮಜ್ಜ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಬೆಂಗಳೂರಿಗೆ ಕರೆತಂದಿದ್ದ. ಬಂದು ಒಂದು ವರ್ಷವಾದರೂ ಆಕೆ ಕಾಂಪೌಂಡಿನ ಗೇಟು ದಾಟಿರಲಿಲ್ಲ. ಗುಡಿಗೂ ಇಲ್ಲ, ಸಂತೆಗೂ ಇಲ್ಲ. ಇಲ್ಲಿಯವರು ಬಾಯೊಳಗೆ ಅರ್ಧ ತುತ್ತು ಅನ್ನ ಇಟ್ಟುಕೊಂಡು ಮಾತಾಡುತ್ತಾರೆ, ತನಗೆ ಒಂದೂ ತಿಳಿಯುವುದಿಲ್ಲ, ದಾರಿ ತಪ್ಪಿದರೆ ಯಾರನ್ನು ಕೇಳಲಿ ಎನ್ನುತ್ತಿದ್ದಳು. ಅಪ್ಪ ಎಷ್ಟು ಕರೆದರೂ ‘ನಂದೇನೈತೋ ಅಲ್ಲಿ’ ಎಂದು ಒಲೆಯ ಬೂದಿ ಕೆದಕುತ್ತಿದ್ದಳು. ನನಗಾಗ ಅದು ದುಃಖವೆಂದು ಗೊತ್ತಿರಲಿಲ್ಲ. ಮುದುಕಿಯರು ಹಾಗೇ ಇರುತ್ತಾರೆ ಎಂದುಕೊಂಡಿದ್ದೆ.

ನನಗೆ ಏಳಾದಾಗ ಒಂದು ದಿನ ರೊಟ್ಟಿ ಒಂದೂವರೆ ಗಂಟೆ ನಿಲ್ಲಲೇ ಇಲ್ಲ. ಜಯಮ್ಮನವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು, ಅವ್ವ ನೆತ್ತಿಗೆ ತಣ್ಣೀರು ಸುರಿದಳು, ಅಪ್ಪ ರಜೆ ಹಾಕಿ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಎದೆಗೆ, ಕೈಕಾಲಿಗೆ ವೈರು ಕಟ್ಟಿ ಉದ್ದನೆಯ ಕಾಗದದ ಮೇಲೆ ಗೆರೆ ಎಳೆಸಿದರು. ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಹೃದಯವೂ ಕರೆಂಟಿನಿಂದಲೇ ನಡೆಯುತ್ತದೆ, ನಿಮ್ಮ ಮಗಳದರಲ್ಲಿ ಹುಟ್ಟಿನಿಂದ ಒಂದು ವೈರು ಹೆಚ್ಚಿದೆ, ಒಮ್ಮೊಮ್ಮೆ ಕರೆಂಟು ಆ ಅಡ್ಡಹಾದಿಯಲ್ಲಿ ನುಗ್ಗಿ ಸುತ್ತು ಹೊಡೆಯುತ್ತದೆ ಎಂದು ಡಾಕ್ಟರು ಹೇಳಿದಾಗ ಅಪ್ಪನ ಮುಖ ಅರಳಿದ್ದು ನನಗೆ ನೆನಪಿದೆ. ಮಗಳ ಕಾಯಿಲೆ ತನ್ನ ಡಿಪಾರ್ಟ್‌ಮೆಂಟಿಗೆ ಸೇರಿದ್ದು ಎಂದು ತಿಳಿದು ಅವನಿಗೆ ಅರ್ಧ ಧೈರ್ಯ ಬಂದಿತ್ತು. ಮಗು ಆಡಲಿ, ಓಡಲಿ, ಕಟ್ಟಿಹಾಕಬೇಡಿ ಎಂದೂ ಡಾಕ್ಟರು ಹೇಳಿದರು. ಆಮೇಲೆ ರೊಟ್ಟಿ ಬಂದಾಗ ಮನೆಯಲ್ಲೇ ಏನು ಮಾಡಬೇಕೆಂದು ಅಪ್ಪನೊಬ್ಬನಿಗೇ ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದರು. ಅಪ್ಪ ಕಿವಿ ಕೆಂಪಾಗಿಸಿಕೊಂಡು ತಲೆ ಆಡಿಸಿದ.

ಮನೆಗೆ ಬಂದೊಡನೆ ಆಯಿ, ಅವ್ವ, ಜಯಮ್ಮ ಮೂವರೂ ಅವನನ್ನು ಸುತ್ತಿಕೊಂಡರು.

“ಬಂದಾಗ ಏನ ಮಾಡಬೇಕಂತ?” ಆಯಿ ಕೇಳಿದಳು.

ಅಪ್ಪ ಒಮ್ಮೆ ತಾಯಿಯನ್ನು, ಒಮ್ಮೆ ಮನೆಯೊಡತಿಯನ್ನು ನೋಡಿದ.

“ಊದಬೇಕಂತ,” ಎಂದ.

“ಏನ ಊದಬೇಕಂತ?”

“ಏನರ ಊದಬೇಕಂತ ಯವ್ವಾ. ಜೋರಲೆ ಊದಬೇಕಂತ, ಅಷ್ಟ.” ಇಷ್ಟು ಹೇಳಿ ಸೈಕಲ್ಲು ಒರೆಸಲು ಹೊರಗೆ ಹೋಗಿಬಿಟ್ಟ.

ನಾಲ್ಕನೆಯ ದಿನ ರೊಟ್ಟಿ ಬಂತು. ಅವ್ವ ತಂದಿಟ್ಟಿದ್ದ ಬಲೂನು ಊದಿದೆ, ಒಡೆಯಿತು. ಜಯಮ್ಮನವರು ಜಾತ್ರೆಯ ಪೀಪಿ ತಂದರು, ಅದು ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿತೇ ಹೊರತು ನನ್ನೆದೆಗೆ ಏನೂ ಮಾಡಲಿಲ್ಲ. ಆಗ ಆಯಿ ಒಲೆಯ ಹಿಂದೆ ಕೈಹಾಕಿ ಊರಿನಿಂದ ಟ್ರಂಕಿನಲ್ಲಿ ತಂದಿದ್ದ ತನ್ನ ಹಳೆಯ ಊದುಗೊಳವೆ ತೆಗೆದು ಸೆರಗಿನಿಂದ ಅದರ ಬಾಯಿ ಒರೆಸಿ ನನ್ನ ಕೈಗಿಟ್ಟಳು. “ಊದ ಯವ್ವಾ. ಒಲಿ ಊದಿಧಂಗ ಊದು.” ಊದಿದೆ. ಗಾಳಿ ಹೋಗಲಿಲ್ಲ. ಎಷ್ಟೋ ವರ್ಷದ ಬೂದಿ, ಮಸಿ ಸೇರಿ ಅದು ಕಲ್ಲಿನಂತೆ ಕಟ್ಟಿಕೊಂಡಿತ್ತು. ನಾನು ಹಟಮಾರಿ, ಗಲ್ಲ ಉಬ್ಬಿಸಿ, ಹೊಟ್ಟೆ ಬಿಗಿದು, ಕಣ್ಣಲ್ಲಿ ನೀರು ಬರುವ ತನಕ ಒತ್ತಿ ಊದಿದೆ. ಎದೆಯೊಳಗೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧೊಪ್ಪೆಂದು ಒಂದು ಏಟು. ಆಮೇಲೆ ನನ್ನ ಹಳೆಯ, ಮರ್ಯಾದಸ್ಥ ಹೃದಯ ತನ್ನ ಪಾಡಿಗೆ ತಾನು ನಡೆಯತೊಡಗಿತು. ಆಯಿ ಕೊಳವೆಯನ್ನು ಕಣ್ಣಿಗೊತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ.

ಅಲ್ಲಿಂದ ಮುಂದೆ ಕೊಳವೆಯದೇ ಕಾರುಬಾರು. ‘ಅತ್ತೀ, ಕಟಗೊಂಡೈತಿ, ಒಂದ್ ಸಲ ಸ್ವಚ್ಛ ಮಾಡೂಣು’ ಎಂದ ಅವ್ವನಿಗೆ ಆಯಿ ಹುಬ್ಬು ಗಂಟಿಕ್ಕಿ, ‘ಅದರ ಗುಣಾ ಎಲ್ಲಾ ಆ ಮಸಿಯಾಗ ಐತಿ, ಮುಟ್ಟಬ್ಯಾಡ’ ಎಂದಳು. ಬೆಂಕಿ ಊದಲು ಹೇಗೂ ಬೇರೊಂದು ಕೊಳವೆ ಇತ್ತು. ಹಿತ್ತಿಲ ಗೋಡೆಗೆ ಎರಡು ಮೊಳೆ, ಒಂದಕ್ಕೆ ಒಲೆಯ ಕೊಳವೆ, ಇನ್ನೊಂದಕ್ಕೆ ನನ್ನದು. ನೋಡಲು ಎರಡೂ ಒಂದೇ. ಆಯುಧಪೂಜೆಯ ದಿನ ಅಪ್ಪನ ಸೈಕಲ್ಲಿನ ಪಕ್ಕ ಅದನ್ನೂ ಇಟ್ಟು ಹೂ ಏರಿಸುತ್ತಿದ್ದಳು. ಮತ್ತು ಕಾನೂನು ಹೊರಟಿತು: ಕೊಳವೆ ಇಲ್ಲದ ಕಡೆ ಗಿರಿಜಾ ಇರುವ ಹಾಗಿಲ್ಲ. ಕೊಳವೆ ಇದ್ದ ಕಡೆ ಆಯಿ ಇರಲೇಬೇಕು, ಯಾಕೆಂದರೆ ಅದನ್ನು ಬೇರೆಯವರ ಕೈಗೆ ಕೊಡುವಷ್ಟು ನಂಬಿಕೆ ಆಕೆಗಿರಲಿಲ್ಲ. ಗೇಟು ದಾಟದ ಆಯಿ ಸಿನಿಮಾಕ್ಕೆ ಬಂದಳು, ಮದುವೆಗೆ ಬಂದಳು, ಹೆಬ್ಬಾಳದ ಕೆರೆ ಏರಿಯ ಮೇಲೆ ವಾಕಿಂಗಿಗೂ ಬಂದಳು. ಶಾಲೆ ಮೂರು ಬೀದಿ ಆಚೆ. ತರಗತಿಯಲ್ಲಿ ರೊಟ್ಟಿ ಬಂದರೆ ನನ್ನ ಗೆಳತಿ ರತ್ನ ಮನೆಗೆ ಓಡುತ್ತಿದ್ದಳು. ಹತ್ತು ನಿಮಿಷದಲ್ಲಿ ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಲ ಎದೆಗವಚಿಕೊಂಡು ಬರುತ್ತಿದ್ದಳು. ಅಷ್ಟು ಹೊತ್ತು ಪಾಠ ನಿಲ್ಲುತ್ತಿದ್ದರಿಂದ ಗಣಿತದ ಪಿರಿಯಡ್ಡಿಗೆ ಮುಂಚೆ ಹುಡುಗಿಯರು ಬಂದು ‘ಇವತ್ತು ಬರುತ್ತೇನೇ?’ ಎಂದು ಆಸೆಯಿಂದ ಕೇಳುತ್ತಿದ್ದರು.

ಏಳನೆಯ ತರಗತಿಯಲ್ಲಿ ಪಿ.ಟಿ. ಮಿಸ್ ನನ್ನನ್ನು ಖೋಖೋ ತಂಡಕ್ಕೆ ಆರಿಸಿದರು. ನಾನು ಅಂಥ ವೇಗದವಳಲ್ಲ, ಆದರೆ ಗಕ್ಕನೆ ತಿರುಗುತ್ತಿದ್ದೆ; ಅಟ್ಟಿಸಿಕೊಂಡು ಬಂದವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ಬೀಳುತ್ತಿದ್ದಳು. ಆಟ ಎಂದರೆ ನನಗೆ ಪ್ರಾಣ. ಒಂದು ಕಡೆ ಕೂರು, ಅದು ತಿನ್ನಬೇಡ, ಇದು ಎತ್ತಬೇಡ ಎಂದು ಹೇಳಿಸಿಕೊಂಡು ಬೆಳೆದವಳಿಗೆ ಆ ಮಣ್ಣಿನ ಅಂಕಣದಲ್ಲಿ ಮಾತ್ರ ನಾನೂ ಎಲ್ಲರ ಹಾಗೆ ಅನ್ನಿಸುತ್ತಿತ್ತು. ಅವ್ವ ಎರಡು ದಿನ ಅತ್ತಳು. ಡಾಕ್ಟರೇ ಆಡಲಿ ಅಂದಿದ್ದಾರಲ್ಲ ಎಂದು ಅಪ್ಪ ಸಹಿ ಹಾಕಿ ಕೊಟ್ಟ. ಮಿಸ್ ಒಂದು ಷರತ್ತು ಹಾಕಿದರು: ಅಜ್ಜಿ ಮತ್ತು ಕೊಳವೆ ಗೆರೆಯ ಪಕ್ಕದಲ್ಲಿರಬೇಕು.

ಆಯಿಗೆ ಹಬ್ಬವಾಯಿತು. ಟ್ರಂಕಿನ ತಳದಲ್ಲಿದ್ದ ಕೆಂಪು ಸೆರಗಿನ ಇಳಕಲ್ ಸೀರೆ ಹೊರಗೆ ಬಂತು. ಮ್ಯಾಚಿನ ದಿನ ಬಿಟ್ಟು ಬೇರೆ ದಿನ ಅದನ್ನು ಉಡುತ್ತಿರಲಿಲ್ಲ. ಗೆರೆಯ ಪಕ್ಕ ಗೋಣಿತಟ್ಟಿನ ಮೇಲೆ ಕುಳಿತು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದಳು. ಆಟದ ನಿಯಮ ಆಕೆಗೆ ಕೊನೆಯ ತನಕ ಅರ್ಥವಾಗಲಿಲ್ಲ. ನಮ್ಮವರು ಅಟ್ಟಿಸುವಾಗಲೂ, ಎದುರಿನವರು ಅಟ್ಟಿಸುವಾಗಲೂ “ಖೋ ಕೊಡ! ಖೋ ಕೊಡ ಲಗೂನ!” ಎಂದೇ ಕೂಗುವುದು. ಒಮ್ಮೆ ಎದುರು ಪಾರ್ಟಿಯ ಹುಡುಗಿ ಆ ಗದರಿಕೆಗೆ ಹೆದರಿ ಕೊಡಬಾರದ ಹೊತ್ತಿನಲ್ಲಿ ಖೋ ಕೊಟ್ಟು ನಮಗೆ ಗೆಲುವಾಯಿತು.

ಆದರೆ ಹದಿಮೂರರ ಹೊತ್ತಿಗೆ ನನಗೆ ನಾಚಿಕೆ ಶುರುವಾಯಿತು. ಬೇರೆ ಶಾಲೆಯವರು ಚೀಲ ತೋರಿಸಿ ನಗುವುದು ಕಾಣುತ್ತಿತ್ತು. ಅದೂ ಅಲ್ಲದೆ ಹಿಂದಿನ ಮ್ಯಾಚಿನಲ್ಲಿ ರೊಟ್ಟಿ ಬಂದು, ಮೂರು ಸಲ ಊದಿದ ಮೇಲೆ ನಿಂತಿತ್ತು. ಮಿಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

“ನೋಡಮ್ಮಾ ಗಿರಿಜಾ, ಹೆಡ್‌ಮಿಸ್ ಹೇಳ್ಬಿಟ್ಟಿದಾರೆ. ಇನ್ನೊಂದ್ ಸಲ ಬಂದು ಬೇಗ ನಿಲ್ಲಿಲ್ಲ ಅಂದ್ರೆ ಟೀಮಿಂದ ತೆಗೀಲೇಬೇಕು. ನಂಗೂ ಬೇಜಾರು ಕಣಮ್ಮಾ.”

ಮುಂದಿನ ಮ್ಯಾಚು ಯಲಹಂಕದ ಆಚೆ, ಅಟ್ಟೂರಿನಲ್ಲಿ. ಬೆಳಿಗ್ಗೆ ಹೊರಡುವಾಗಲೇ ನಾನು ಆಯಿಯ ಮೇಲೆ ಹರಿಹಾಯ್ದೆ.

“ನೀ ಬರಬ್ಯಾಡ. ಕೊಳವಿ ನನ್ನ ಕೈಯಾಗ ಕೊಡು. ಎಲ್ಲಾರೂ ನಗತಾರ.”

“ನಗಲಿ ಬಿಡ. ನಗೂ ಮಂದಿ ಚಲೋ ಮಂದಿ.”

“ನಿನ್ನಿಂದ ನನ್ನ ಮಾನಾ ಹೊಂಟೈತಿ ಆಯಿ!”

ಆಯಿ ಮೊಳೆಯಿಂದ ಕೊಳವೆ ತೆಗೆದು ಚೀಲಕ್ಕೆ ಹಾಕಿಕೊಂಡು ಹಿಂದೆ ಬಂದಳು. ಹೆಬ್ಬಾಳದಲ್ಲಿ ಬಸ್ಸು ಹತ್ತಿದಾಗ ನಾನು ಬೇಕೆಂದೇ ರತ್ನಳ ಪಕ್ಕ ಕುಳಿತೆ. ಆಯಿ ಎರಡು ಸೀಟು ಹಿಂದೆ ಕುಳಿತು, ಯಲಹಂಕದ ತನಕ ಕಂಡಕ್ಟರಿಗೆ ನನ್ನ ಹೃದಯದ ಕಥೆ ಹೇಳಿದಳು.

ಅಟ್ಟೂರಿನ ಆ ಮೈದಾನದಲ್ಲಿ ಬಿಸಿಲು ಚೆನ್ನಾಗಿತ್ತು, ನಮ್ಮ ಆಟವೂ ಚೆನ್ನಾಗಿತ್ತು. ಕೊನೆಯ ಸರದಿಗೆ ಮುಂಚೆ ಐದು ನಿಮಿಷದ ಬಿಡುವು. ಆ ಸರದಿಯಲ್ಲಿ ಅವರು ಅಟ್ಟಿಸುವುದು, ನಾವು ತಪ್ಪಿಸಿಕೊಳ್ಳುವುದು. ಮೊದಲು ಇಳಿಯುವ ಮೂವರಲ್ಲಿ ನಾನೊಬ್ಬಳು. ಲೋಟ ಎತ್ತಿ ನೀರು ಕುಡಿಯುತ್ತಿದ್ದೆ, ಪಟಪಟಪಟ ಎಂದು ಶುರುವಾಗಿಯೇ ಹೋಯಿತು. ನನ್ನ ಮುಖ ನೋಡಿದ ರತ್ನ, “ಅಯ್ಯೋ, ಬಂತಾ?” ಎಂದಳು. ಆಯಿ ಆಗಲೇ ಚೀಲಕ್ಕೆ ಕೈಹಾಕಿದ್ದಳು. ಮಿಸ್ ಗಡಿಯಾರ ನೋಡಿಕೊಂಡು ನನ್ನ ಪಕ್ಕ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. ನಾನು ಕೊಳವೆ ಬಾಯಿಗಿಟ್ಟು ಶಕ್ತಿಯೆಲ್ಲ ಸೇರಿಸಿ ಊದಿದೆ.

ಸುಯ್ಯೆಂದು ಗಾಳಿ ಹೊರಗೆ ಹೋಯಿತು. ಅದರ ಜೊತೆ ಒಂದು ಹಿಡಿ ಬೂದಿ ಹಾರಿ ಮಿಸ್ಸಿನ ಬಿಳಿ ಸೀರೆಯ ಮೇಲೆ ಹರಡಿತು. ಇನ್ನೊಮ್ಮೆ ಊದಿದೆ. ಮತ್ತೆ ಸುಯ್. ಎದೆಯೊಳಗೆ ರೊಟ್ಟಿ ನಿಲ್ಲಲಿಲ್ಲ. ಆಯಿ ಕೊಳವೆ ಕಿತ್ತುಕೊಂಡು ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡಿದಳು.

“ಯಪ್ಪಾ! ಆಕಾಶ ಕಾಣಾಕತ್ತೈತಿ!”

ಹಾಗೆಂದವಳೇ ಕುಸಿದು ಕುಳಿತಳು. ಊರಿನ ಹಿರಿಯರೊಬ್ಬರು ಹತ್ತಿರ ಬಂದು, “ಯಾಕ್ ತಾಯಿ, ಮಗೀಗೆ ಏನಾಯ್ತು? ಮೊಕ ಇಂಗ್ಯಾಕೆ ಬೆಳ್ಳಗಾಗೈತೆ?” ಎಂದು ವಿಚಾರಿಸಿದರು. ಆಯಿ ನೆಲಕ್ಕೆ ಉದುರಿದ್ದ ಬೂದಿ ಬಳಿದು ಮತ್ತೆ ಕೊಳವೆಗೆ ತುಂಬತೊಡಗಿದ್ದಳು. ಆಕೆ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆಳಿಗ್ಗೆ ಆಡಿದ ಮಾತೆಲ್ಲ ನೆನಪಾಯಿತು. ಇತ್ತ ಮಿಸ್ ಸೀಟಿ ಕೈಗೆತ್ತಿಕೊಂಡು, ನನ್ನ ಬದಲಿಗೆ ಇನ್ನೊಬ್ಬಳನ್ನು ಹುಡುಕುವಂತೆ ಆಚೀಚೆ ನೋಡುತ್ತಿದ್ದರು. ಇಂದು ಕೂತರೆ ಇನ್ನು ಯಾವತ್ತೂ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹೇಗೆ ಹೊಳೆಯಿತೋ ಕಾಣೆ. ಆಯಿಯ ಕೈಯಿಂದ ಕೊಳವೆ ತೆಗೆದುಕೊಂಡು, ಅದರ ಕೆಳಗಿನ ಬಾಯಿಗೆ ನನ್ನ ಅಂಗೈ ಒತ್ತಿ ಹಿಡಿದು ಮೇಲಿನಿಂದ ಊದಿದೆ. ಗಾಳಿಗೆ ದಾರಿ ಇಲ್ಲ. ಗಲ್ಲ ಉಬ್ಬಿತು, ಹೊಟ್ಟೆ ಬಿಗಿಯಿತು, ಕಿವಿ ಗುಂಯ್ ಎಂದಿತು. ಆಯಿ ಉಸಿರು ಬಿಗಿಹಿಡಿದು ನನ್ನ ಕತ್ತಿನ ಹತ್ತಿರ ಫ್ರಾಕಿನ ಅಂಚನ್ನೇ ನೋಡುತ್ತಿದ್ದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧೊಪ್. ಆಮೇಲೆ ನಿಧಾನ.

“ನಿಂತೈತಿ ಆಯಿ!”

“ಖರೇನ?”

“ಖರೇ. ಇಲ್ಲಿ ನೋಡ್.” ಆಕೆಯ ಕೈ ತೆಗೆದು ಎದೆಯ ಮೇಲಿಟ್ಟುಕೊಂಡೆ. ಆಯಿ ಅಲ್ಲೇ, ಅಷ್ಟು ಜನರೆದುರು, ಅಳುತ್ತ ನಗತೊಡಗಿದಳು. ಸೀಟಿ ಆಯಿತು. ಮಿಸ್ ಸೀರೆಯ ಬೂದಿ ಕೊಡವಿಕೊಳ್ಳುತ್ತ, “ಹೋಗ್ ಹೋಗ್, ಏನ್ ನೋಡ್ತಿದೀಯಾ, ಇಳಿ!” ಎಂದು ನನ್ನ ಬೆನ್ನಿಗೆ ತಟ್ಟಿದರು. ಇಳಿದೆ. ಆ ಸರದಿಯಲ್ಲಿ ನಾನು ಆಡಿದ ಹಾಗೆ ಹಿಂದೆಂದೂ ಆಡಿರಲಿಲ್ಲ, ಮುಂದೂ ಆಡಲಿಲ್ಲ. ಎರಡು ಪಾಯಿಂಟಿನಿಂದ ಸೋತೆವು. ಬಸ್ಸಿನಲ್ಲಿ ಆಯಿಯ ಪಕ್ಕದಲ್ಲೇ ಕುಳಿತೆ, ಆದರೆ ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ.

ಮನೆಯಲ್ಲಿ ಮ್ಯಾಚು ಏನಾಯಿತೆಂದು ಯಾರೂ ಕೇಳಲಿಲ್ಲ. ಆಯಿ ಬಾಗಿಲಲ್ಲೇ ನಿಂತು ಕೊಳವೆಯನ್ನು ಬಂದೂಕಿನಂತೆ ಹಿಡಿದು ಗರ್ಜಿಸಿದಳು.

“ಇದಕ್ಕ ತೂತ ಹಾಕಿದವರು ಯಾರು?”

ಅವ್ವ ಬಿಳುಚಿಕೊಂಡಳು. ಗಲಾಟೆ ಕೇಳಿ ಮುಂದಿನ ಮನೆಯಿಂದ ಜಯಮ್ಮನವರು ಸಂತೋಷದಿಂದಲೇ ಬಂದರು.

“ನಾನೇ ಕಣಜ್ಜಿ! ಬೆಳಿಗ್ಗೆ ಹಂಡೆ ಒಲೆ ಹತ್ತಿಸ್ಬೇಕಿತ್ತು, ನಮ್ ಕೊಳವೆ ಸಿಗ್ಲಿಲ್ಲ. ನಿಮ್ ಸೊಸೇನ ಕೇಳ್ದೆ, ಗೋಡೆ ಮೇಲಿದೆ ತಗೊಳ್ರೀ ಅಂದ್ರು. ತಗೊಂಡ್ರೆ ಪೂರ್ತಿ ಕಟ್ಕೊಂಡಿತ್ತು. ಪಾಪ, ವಯಸ್ಸಾದೋರು, ಇದ್ರಲ್ಲಿ ಹೆಂಗ್ ಊದ್ತೀರೋ ಅಂತ ಛತ್ರಿ ಕಡ್ಡಿ ಹಾಕಿ ಕ್ಲೀನ್ ಮಾಡಿ ಅಲ್ಲೇ ನೇತಾಕ್ದೆ. ಹೆಂಗಿದೆ ಈಗ?”

ಆಗ ಮೂಲೆಯಲ್ಲಿ ಕುಳಿತಿದ್ದ ಅಪ್ಪ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಾನು ಅಂಗೈ ಇಟ್ಟು ಊದಿದ ಕಥೆ ಹೇಳಿದ ಮೇಲಂತೂ ಅವನ ಕಣ್ಣಲ್ಲಿ ನೀರು.

“ಯವ್ವಾ, ಒಂದ್ ಮಾತ ಹೇಳತೀನಿ, ಬಡಿಬ್ಯಾಡ. ಕೊಳವಿ ಬೇಕಾಗೇ ಇಲ್ಲ. ಡಾಕ್ಟರ್ ಊದಂತ ಹೇಳೇ ಇಲ್ಲ.”

“ಮತ್ತ?”

“ಬಾಯಿ ಮೂಗು ಮುಚಗೊಂಡು… ಸಂಡಾಸಕ್ಕ ಕುಂತಾಗ ತಿಣುಕತಾರಲ್ಲ, ಹಂಗ ತಿಣುಕಬೇಕಂತ. ಅಷ್ಟ. ನಿನ್ನ ಮುಂದ, ಜಯಮ್ಮನೋರ ಮುಂದ ನಾ ಅದನ್ನ ಹೆಂಗ ಹೇಳಲಿ? ಊದಬೇಕಂತ ಅಂದ್ಬಿಟ್ಟೆ. ಆ ಕೊಳವಿ ಕಟಗೊಂಡಿತ್ತಲ್ಲ, ಊದಿದ್ರ ತಿಣುಕಿಧಂಗ ಆತು, ಕೆಲಸಾ ಮಾಡಿಬಿಡ್ತು.”

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಜಯಮ್ಮನವರು “ಶಿವಶಿವಾ” ಎನ್ನುತ್ತ ಗೋಡೆ ಹಿಡಿದುಕೊಂಡು ನಕ್ಕರು. ಆಯಿ ಅಪ್ಪನ ಬೆನ್ನಿಗೆ ಕೊಳವೆಯಿಂದ ಒಂದು ಬಿಟ್ಟಳು, ಮೆಲ್ಲಗೆ.

“ಆರು ವರ್ಷ ಹೊತಗೊಂಡು ಊರೆಲ್ಲಾ ತಿರುಗೀನಲ್ಲೋ ಭಾಡ್ಯಾ! ಸಂಡಾಸದ ಮಾತಿಗೆ!”

ಅವಳೂ ನಕ್ಕಳು. ಅಂದು ರಾತ್ರಿ ಊಟದಲ್ಲಿ ಯಾರು ಯಾರ ಮುಖ ನೋಡಿದರೂ ನಗು ಉಕ್ಕುತ್ತಿತ್ತು. ಮಾರನೆಯ ದಿನ ನಾನೇ ಬಾಯಿ ಮೂಗು ಮುಚ್ಚಿ ತಿಣುಕುವುದನ್ನು ಅಭ್ಯಾಸ ಮಾಡಿದೆ. ಎರಡು ದಿನ ಬಿಟ್ಟು ರೊಟ್ಟಿ ಬಂದಾಗ ಅದರಿಂದಲೇ ನಿಂತಿತು. ನನ್ನ ಔಷಧಿ ನನ್ನ ಬಾಯಲ್ಲೇ ಇತ್ತು! ಇನ್ನು ನಾನು ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರ ಹಂಗೂ ಇಲ್ಲ. ಹಿತ್ತಿಲಲ್ಲಿ ಕುಣಿದೆ. ಅಪ್ಪ ಶಾಲೆಗೆ ಹೋಗಿ ವಿಷಯ ತಿಳಿಸಿದ. ಮಿಸ್ಸಿಗೆ ಅದೇ ಮಾತನ್ನು ಯಾವ ಶಬ್ದಗಳಲ್ಲಿ ಹೇಳಿದನೋ ದೇವರೇ ಬಲ್ಲ. ಆಯಿ ಕೊಳವೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದರಿಂದಲೇ ಒಲೆ ಊದಿ, “ಈಗ ಚಲೋ ಊದತೈತಿ” ಎಂದಳು. ಚೀಲ ಒಗೆದು ಮಡಿಸಿಟ್ಟಳು.

ಮುಂದಿನ ಶನಿವಾರ ಮತ್ತೊಂದು ಮ್ಯಾಚು. ಮೊದಲ ಸಲ ಒಬ್ಬಳೇ ಹೊರಟಿದ್ದೆ. ಹಿಂದಿನ ದಿನ ಸಂಜೆ ಅಪ್ಪ ಸೈಕಲ್ಲಿಗೆ ಗಾಳಿ ಹೊಡೆಯುತ್ತ ನನಗೊಬ್ಬಳಿಗೇ ಕೇಳಿಸುವಂತೆ ಹೇಳಿದ್ದ:

“ನೀ ಕೊಳವಿ ಊದಿದ ಮರುದಿನಾನ ನಾ ಖರೇ ಮಾತು ಹೇಳಬೇಕಂತ ಮಾಡಿದ್ದೆ, ಗಿರ್ಜಾ. ಅಷ್ಟರಾಗ ನಮ್ಮವ್ವ ಆ ಕೊಳವಿ ಹಿಡಕೊಂಡು ಗೇಟ ದಾಟಿದ್ಳು. ವರ್ಷದ ಮ್ಯಾಲ ದಾಟಿದ್ಳು. ಹೇಳಾಕ ಮನಸ ಬರಲಿಲ್ಲ.”

ಆ ಮಾತು ಬೀದಿಯ ತುದಿಯ ತನಕ ನನ್ನ ಜೊತೆ ಬಂತು. ಹಿಂದೆ ಚಪ್ಪಲಿಯ ಸದ್ದಿಲ್ಲ. ‘ಕೊಳವೆ ಬಂದ್ಳು’ ಎನ್ನಲು ಕಾಯುತ್ತಿದ್ದ ಹುಡುಗರು ನನ್ನ ಹಿಂದೆ ಇಣುಕಿ, “ಅಜ್ಜಿ ಎಲ್ಲೇ?” ಎಂದು ಕೇಳಿದರು. ತಿರುಗಿ ಮನೆಯ ಕಡೆ ಓಡಿದೆ. ಮೂರು ಕೋಣೆ ದಾಟಿ ಹಿತ್ತಿಲಿಗೆ ಬಂದರೆ ಆಯಿ ಒಲೆಯ ಮುಂದೆ ನನಗೆ ಬೆನ್ನು ಹಾಕಿ ಕುಳಿತಿದ್ದಳು.

“ಆಯಿ, ಏಳ. ಮ್ಯಾಚಿಗೆ ಬಾ.”

“ಯಾಕ, ಬಂತೇನ ರೊಟ್ಟಿ?” ಗಾಬರಿಯಿಂದ ತಿರುಗಿದಳು.

“ಇಲ್ಲ, ಆರಾಮ ಅದೀನಿ. ಕೊಳವಿ ಬ್ಯಾಡ. ನೀ ಬಾ. ಅವತ್ತ ನಾ ಹಂಗ ಅನಬಾರದಾಗಿತ್ತು.”

ಆಯಿ ಮುಖ ಆಚೆ ಮಾಡಿ ಒಲೆಯಿಂದ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಿದಳು. “ಭಾಳ ಕೆಲಸಾ ಐತಿ ನನಗ,” ಎನ್ನುತ್ತಲೇ ಮೊಣಕಾಲಿಗೆ ಕೈ ಊರಿ ಎದ್ದು ನಿಂತಳು. ಆಗ ನೋಡಿದೆ. ಹೊಗೆಯ ಮುಂದೆ, ಮಸಿಯ ನಡುವೆ, ಬೆಳಗಿನಿಂದ ಆಕೆ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಕುಳಿತಿದ್ದಳು.